ಕಣ್ಣು ಮುಚ್ಚಿ ನರ ಹುಡುಕುತ್ತಿದ್ದವಳು

ಕೈಯಲ್ಲಿ ಸೂಜಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿರುವ ಹೆಂಗಸಿನ ಮುಂದೆ ನೀವು ತೋಳು ಚಾಚುತ್ತೀರಾ? ನಿಜ ಹೇಳಿ. ಚಾಚುವುದಿಲ್ಲ ತಾನೇ? ನಾನು ಒಂಬತ್ತು ವರ್ಷ ಚಾಚಿದ್ದೇನೆ, ತಿಂಗಳು ತಿಂಗಳೂ, ಒಂದು ಸಲವೂ ಅಂಜದೆ.

ಅವಳ ಎಡಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಆ ಬೆರಳನ್ನು ನನ್ನ ಮೊಣಕೈ ಮಡಿಕೆಯ ಮೇಲಿಟ್ಟು, ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ಕರೆಂಟು ಹೋದಾಗ ದೇವರ ಗೂಡಿನಲ್ಲಿ ಬೆಂಕಿಪೊಟ್ಟಣ ತಡಕುವವರ ಹಾಗೆ ಮೆಲ್ಲಗೆ ತಡಕುತ್ತಿದ್ದಳು. ನರ ಸಿಕ್ಕ ಕೂಡಲೇ ತುಟಿಯ ಎಡತುದಿ ಮಾತ್ರ ಚೂರು ಮೇಲೇಳುತ್ತಿತ್ತು. ಆಮೇಲೆ ಕಣ್ಣು ಬಿಟ್ಟು ಚುಚ್ಚುತ್ತಿದ್ದಳು. ಚುಚ್ಚುವಾಗ ಕಣ್ಣು ಬಿಟ್ಟಿರುತ್ತಿದ್ದಳು ಅಂತ ನಾನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ನೀವು ಸ್ವಲ್ಪ ಹೆದರಲಿ ಅಂತ.

“ಕಣ್ ಬಿಟ್ರೆ ಚರ್ಮ ಕಾಣುತ್ತೆ ಕಣಮ್ಮ, ಮುಚ್ಚಿದ್ರೆ ನರ ಕಾಣುತ್ತೆ” ಅನ್ನುತ್ತಿದ್ದಳು.

ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನಿಂದ ಮನೆಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವುದು ಅವಳ ಕೆಲಸ. ಬೆಳಿಗ್ಗೆ ಆರಕ್ಕೆ ಅಶೋಕಪುರಂನ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ, ಊರೆಲ್ಲ ಸುತ್ತಿ ಗೋಕುಲಂನ ನಮ್ಮ ಮನೆಗೆ ಬರುವ ಹೊತ್ತಿಗೆ ಒಂಬತ್ತೂವರೆ. ಕಾಲಿನ ಹತ್ತಿರ ಐಸ್ ಹಾಕಿದ ನೀಲಿ ಡಬ್ಬಿ, ಅದರೊಳಗೆ ಮೈಸೂರಿನವರ ರಕ್ತ. ನಾವೆಲ್ಲ ಅವಳನ್ನು ಲ್ಯಾಬಮ್ಮ ಅನ್ನುತ್ತಿದ್ದೆವು. ಅವಳಿಗೆ ನಲವತ್ತರ ಆಸುಪಾಸು. ನನಗೆ ಈಗ ಅರವತ್ತೊಂಬತ್ತು.

ನನಗೆ ಇರುವುದು ಲೂಪಸ್ ಅನ್ನುವ ಕಾಯಿಲೆ. ರೋಗ ಬಂದರೆ ಓಡಿಸಬೇಕಾದ ಮೈಯ ಶಕ್ತಿ, ದಾರಿ ತಪ್ಪಿ ನಮ್ಮ ಮೈಯ ಮೇಲೆಯೇ ತಿರುಗಿ ಬೀಳುತ್ತದೆ. ಒಂದು ದಿನ ಕೀಲು, ಒಂದು ದಿನ ಚರ್ಮ, ಹಟ ಹಿಡಿದರೆ ಕಿಡ್ನಿ. ಹತ್ತು ವರ್ಷದ ಹಿಂದೆ ಇದನ್ನು ಕಂಡುಹಿಡಿದ ಡಾಕ್ಟರು, “ಇದು ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬರೋದು” ಅಂದರು. “ಸದ್ಯ, ಕಾಯಿಲೆ ಕಣ್ಣಿಗಾದ್ರೂ ನಾನು ಹುಡುಗಿ ಥರ ಕಂಡೆನಲ್ಲ” ಅಂದೆ. ಡಾಕ್ಟರು ನಗಲಿಲ್ಲ. ಪಕ್ಕದಲ್ಲಿದ್ದ ಮಗಳೂ ನಗಲಿಲ್ಲ. ಆವತ್ತೇ ನನಗೆ ಗೊತ್ತಾಗಬೇಕಿತ್ತು, ಇದು ಒಬ್ಬಳೇ ನಕ್ಕೊಂಡು ಇರಬೇಕಾದ ಕಾಯಿಲೆ ಅಂತ.

ಮೈಮೇಲೆ ಬಿಸಿಲು ಬೀಳಬಾರದು. ಬಿಸಿಲು ತಾಗಿದರೆ ಕೆನ್ನೆ ಮೇಲೆ ಕೆಂಪಗೆ ಏಳುತ್ತದೆ, ಕಾಯಿಲೆ ಕೆರಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮಗಳು, ಅಳಿಯ, ಮೊಮ್ಮಗಳು ಮೂವರೂ ಹೊರಟರೆ ಕಿಟಕಿ ಪರದೆ ಎಳೆದುಕೊಂಡು ನಾನೊಬ್ಬಳೇ. ನಮ್ಮ ಮಹಡಿಯನ್ನು ಯೋಗ ಕಲಿಯಲು ಬರುವ ವಿದೇಶದವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಅವರು ತಾರಸಿಯ ಮೇಲೆ ಹಪ್ಪಳದ ಹಾಗೆ ಬಿಸಿಲಿಗೆ ಬಿದ್ದುಕೊಂಡಿರುತ್ತಾರೆ. ಅದೇ ಬಿಸಿಲಿಗೆ ಹೆದರಿ ಕೆಳಗೆ ಕತ್ತಲೆಯಲ್ಲಿ ಒಬ್ಬಳು ಮುದುಕಿ ಕೂತಿದ್ದಾಳೆ ಅನ್ನುವುದು ಅವರಿಗೆ ಗೊತ್ತಿಲ್ಲ.

ಇನ್ನೊಂದು ಕಷ್ಟ ಏನೆಂದರೆ, ಈ ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೈ ಮುರಿದರೆ ಬ್ಯಾಂಡೇಜು ಕಾಣುತ್ತದೆ. ಬೆರಳ ಗೆಣ್ಣುಗಳೆಲ್ಲ ಬೆಳಗಾಗುವಷ್ಟರಲ್ಲಿ ಮರಗಟ್ಟಿದ್ದರೆ, ಎದ್ದು ಕೂರುವುದಕ್ಕೇ ಸುಸ್ತಾದರೆ, ಏನು ತೋರಿಸಲಿ? ನೆಂಟರು ಬಂದು “ನೋಡಕ್ಕೆ ಚೆನ್ನಾಗೇ ಇದೀರಲ್ಲ!” ಅನ್ನುತ್ತಾರೆ. ಮೊದಲು ಉತ್ತರ ಕೊಡುತ್ತಿದ್ದೆ. ಆಮೇಲೆ “ಹೂಂ, ನೋಡಕ್ಕೆ ಮೊದಲಿಂದಲೂ ಚೆನ್ನಾಗೇ ಇದೀನಿ” ಅನ್ನುವುದನ್ನು ಕಲಿತೆ.

ಲ್ಯಾಬಮ್ಮ ಮೊದಲ ದಿನ ಬಂದವಳು ನನ್ನ ಮುಖ ನೋಡಲಿಲ್ಲ. ಕೈ ನೋಡಿದಳು.

“ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಕ್ಕಾಗುತ್ತಾ ಅಮ್ಮ?”

“ಇಲ್ಲ.”

“ಎಷ್ಟೊತ್ತು?”

“ಹತ್ತು ಗಂಟೆವರೆಗೂ ಹಿಂಗೇ.”

“ಹಂಗಾದ್ರೆ ಮುಷ್ಟಿ ಬ್ಯಾಡ, ಬುಡಿ. ನಾನೇ ಹುಡುಕ್ತೀನಿ” ಅಂದಳು. ಅಷ್ಟೇ. ಎಲ್ಲರೂ ಮುಷ್ಟಿ ಬಿಗಿ ಮಾಡಿ ಅನ್ನುವವರೇ. ಬೇಡ ಅಂದವಳು ಇವಳೊಬ್ಬಳು. ನನಗೆ ಅಳು ಬಂತು. ನೋವಾಯಿತಾ ಅಂತ ಕೇಳಿದಳು. ಹೌದು ಅಂತ ಸುಳ್ಳು ಹೇಳಿದೆ.

ನಾನು ಸ್ಟೆರಾಯ್ಡ್ ಮಾತ್ರೆ ನುಂಗುವವಳಾದ್ದರಿಂದ ಸಕ್ಕರೆಯನ್ನೂ ನೋಡಬೇಕು, ಅದಕ್ಕೆ ಖಾಲಿ ಹೊಟ್ಟೆಯಲ್ಲಿರಬೇಕು. ಲ್ಯಾಬಮ್ಮನೂ ಖಾಲಿ ಹೊಟ್ಟೆಯಲ್ಲೇ ಬರುತ್ತಿದ್ದಳು. ಕಡೆಯ ಮನೆಯ ರಕ್ತ ತೆಗೆಯುವವರೆಗೂ ಒಂದು ಲೋಟ ಕಾಫಿಯೂ ಕುಡಿಯಳು. ಯಾಕೆ ಅಂದರೆ, “ಹಸ್ಕೊಂಡಿರೋರ ಮುಂದೆ ಬಾಯಲ್ಲಿ ದೋಸೆ ವಾಸನೆ ಇಟ್ಕೊಂಡು ನಿಂತ್ಕೊಳಕ್ಕೆ ನಾಚಿಕೆ ಆಗಲ್ವಾ ಅಮ್ಮ?” ನಮ್ಮ ಮನೆಯೇ ಅವಳ ಸುತ್ತಿನ ಕಡೆಯ ಮನೆ. ಇಬ್ಬರೂ ಒಟ್ಟಿಗೆ ಉಪವಾಸ ಮುರಿಯುತ್ತಿದ್ದೆವು. ಇಡೀ ತಿಂಗಳಲ್ಲಿ ನಾನು ಇನ್ನೊಬ್ಬರ ಜೊತೆ ಕೂತು ತಿಂಡಿ ತಿನ್ನುತ್ತಿದ್ದದ್ದು ಅದೊಂದೇ ಮಂಗಳವಾರ.

ನನಗೆ ಅವಳನ್ನು ರೇಗಿಸುವ ಚಟ. ಒಂದು ಸಲ ಕೆನ್ನೆಯೊಳಗೆ ಖರ್ಜೂರ ಇಟ್ಟುಕೊಂಡು “ಏನೂ ತಿಂದಿಲ್ಲಮ್ಮ” ಅಂದೆ.

“ಬಾಯಿ ತೆಗೀರಿ.”

“ನೀನು ಹಲ್ಲು ಡಾಕ್ಟರಾ?”

“ತೆಗೀರಿ ಅಂದ್ರೆ.” ತೆಗೆದೆ. ಬೀಜ ಕಂಡಿತು. ಸೂಜಿಯನ್ನು ಡಬ್ಬಿಗೆ ಹಾಕಿಕೊಂಡು ಎದ್ದಳು. “ರಕ್ತ ಸುಳ್ಳು ಹೇಳಲ್ಲ ಅಮ್ಮ. ರಕ್ತ ಕೊಡೋರು ಹೇಳ್ತಾರೆ. ನಾಳೆ ಬರ್ತೀನಿ.” ಮಾರನೆಯ ದಿನ ಅಷ್ಟು ದೂರದಿಂದ ಮತ್ತೆ ಬಂದಳು.

ನಿಯಮದ ವಿಷಯದಲ್ಲಿ ಅವಳು ಕಲ್ಲು. ಒಂಬತ್ತು ವರ್ಷವಾದರೂ ಪ್ರತಿ ಸಲ ಟ್ಯೂಬಿನ ಮೇಲೆ ಚೀಟಿ ಅಂಟಿಸುವ ಮೊದಲು, “ಹೆಸರು ಹೇಳಿ.”

“ಗೊತ್ತಿಲ್ವಾ ನಿಂಗೆ?”

“ಗೊತ್ತು. ಹೇಳಿ.”

“ಅಂಬಾವಿಲಾಸ ಅರಮನೆಯ ಮಹಾರಾಣಿ.”

ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಸರಿಯಾದ ಹೆಸರು ಹೇಳುವವರೆಗೂ ಬರೆಯುತ್ತಿರಲಿಲ್ಲ. ನೇರಳೆ ಮುಚ್ಚಳದ ಟ್ಯೂಬು, ಬೂದು ಮುಚ್ಚಳದ್ದು, ಹಳದಿ ಮುಚ್ಚಳದ್ದು, ಮೂರನ್ನೂ ಮೆಲ್ಲಗೆ ತಲೆಕೆಳಗು ಮಾಡಿ ಮಾಡಿ ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಐಸ್ ಡಬ್ಬಿಯಲ್ಲಿ ಇಡುತ್ತಿದ್ದಳು. ಹಳದಿಯದ್ದೇ ಲೂಪಸ್ಸಿನ ಲೆಕ್ಕ ಅಂತ ಅವಳೇ ಹೇಳಿದ್ದಳು. ಆ ಲೆಕ್ಕದಲ್ಲಿ ಏನು ಬಂತು ಅಂತ ಕೇಳಿದರೆ ಮಾತ್ರ ತುಟಿ ಹೊಲಿದುಕೊಳ್ಳುತ್ತಿದ್ದಳು. “ಅದು ಡಾಕ್ಟ್ರು ಹೇಳೋದು. ನಾನು ಹೇಳಂಗಿಲ್ಲ. ಬಾಯ್ಬಿಟ್ರೆ ಕೆಲಸದಿಂದ ತೆಗೀತಾರೆ.”

ಇನ್ನೊಂದು ಅಭ್ಯಾಸ ಇತ್ತು, ಅದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಕ್ಕಿಲ್ಲ. ಹೊರಡುವ ಮೊದಲು ಕೈ ತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಹೋಗುತ್ತಿದ್ದಳು. ಒಳಗೆ ಡಬ್ಬಿಗಳ ಸದ್ದು. ಮೊದಮೊದಲು ಏನಾದರೂ ಕದಿಯುತ್ತಾಳೇನೋ ಅಂತ ನಾನು ಬಾಗಿಲ ಸಂದಿಯಿಂದ ನೋಡಿದ್ದೂ ಉಂಟು. ಉಪ್ಪಿನಕಾಯಿ ಜಾಡಿ, ಕಾಫಿಪುಡಿ ಡಬ್ಬಿ, ಫಿಲ್ಟರು, ಮಾತ್ರೆ ಬಾಟಲಿ, ಎಲ್ಲದರ ಮುಚ್ಚಳವನ್ನೂ ಒಂದು ಸುತ್ತು ಸಡಿಲ ಮಾಡಿ ಇಡುತ್ತಿದ್ದಳು, ನನ್ನ ಬೆರಳಿಗೆ ತೆಗೆಯಲು ಬರುವಷ್ಟು. ನಾಚಿಕೆಯಿಂದ ನಾನು ಬಂದು ಕುರ್ಚಿಯಲ್ಲಿ ಕೂತೆ. ನೋಡಿದೆ ಅಂತ ಅವಳಿಗೆ ಹೇಳಲೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡು ತಪ್ಪು. ಮೊದಲನೆಯದರಿಂದ ನನ್ನ ಕಿಡ್ನಿ ಹೋಗುವುದರಲ್ಲಿತ್ತು. ಎರಡನೆಯದರಿಂದ ಹೋದದ್ದು ಅವಳ ಅನ್ನ.

ಮೊಮ್ಮಗಳು ಹೊಸ ಫೋನು ಕೊಂಡು ಹಳೆಯದನ್ನು ನನಗೆ ಕೊಟ್ಟಳು. ಅಲ್ಲಿಯವರೆಗೆ ರಿಪೋರ್ಟು ಹೋಗುತ್ತಿದ್ದದ್ದು ಮಗಳ ಫೋನಿಗೆ. ಅವಳೇ ನೋಡಿ, ಅವಳೇ ಡಾಕ್ಟರಿಗೆ ತೋರಿಸಿ, ನನಗೆ “ನಾರ್ಮಲ್ಲು” ಅನ್ನುತ್ತಿದ್ದಳು. ನನ್ನ ರಕ್ತದ ಸುದ್ದಿ ನನಗೇ ಮೊದಲು ಬರಬೇಕು ಅಂತ ಲ್ಯಾಬಿಗೆ ಫೋನು ಮಾಡಿ ನನ್ನ ನಂಬರು ಕೊಟ್ಟೆ. ಜಂಬ, ಇನ್ನೇನು.

ಮೊದಲ ರಿಪೋರ್ಟು ಬಂತು. ಅದರಲ್ಲಿ ಸಿ ತ್ರೀ, ಸಿ ಫೋರ್ ಅಂತ ಎರಡು ಸಾಲು. ಮಗಳು ಫೈಲಿನಲ್ಲಿಟ್ಟಿದ್ದ ಹಿಂದಿನ ರಿಪೋರ್ಟಿನ ಜೊತೆ ಇಟ್ಟು ನೋಡಿದೆ. ಎರಡೂ ಇಳಿದಿದ್ದವು! ಮುಂದಿನ ತಿಂಗಳು ನೋಡಿದೆ. ಇನ್ನೂ ಇಳಿದಿದ್ದವು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇತ್ತು. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ನಂಬರು ಇಳಿದರೆ ಹಬ್ಬ, ಏರಿದರೆ ಸೂತಕ. ಸಕ್ಕರೆ ಇಳಿಯಬೇಕು, ಬಿಪಿ ಇಳಿಯಬೇಕು, ಕೊಲೆಸ್ಟ್ರಾಲ್ ಇಳಿಯಬೇಕು. ಇಳಿಯಬಾರದ ನಂಬರು ಅಂತ ರಕ್ತದಲ್ಲಿ ಒಂದು ಇರುತ್ತದೆ ಅಂತ ನನಗೆ ಯಾರು ಹೇಳಿದ್ದರು? ಡಿಎಸ್‌ಡಿಎನ್‌ಎ ಅಂತ ಇನ್ನೊಂದು ಸಾಲು ಮಾತ್ರ ಏರಿತ್ತು. ಮೂರರಲ್ಲಿ ಎರಡು ಇಳಿದಿವೆ, ಬಹುಮತ ನನ್ನದೇ ಅಂದುಕೊಂಡೆ.

ಇಷ್ಟು ವಾಸಿಯಾದ ಮೇಲೆ ಮುಖ ಊದಿಸುವ ಆ ಸ್ಟೆರಾಯ್ಡ್ ಮಾತ್ರೆ ಯಾಕೆ? ದಿನಕ್ಕೊಂದು ಇದ್ದದ್ದನ್ನು ಅರ್ಧ ಮಾಡಿದೆ. ಮಗಳು ಕೇಳಿದಾಗ “ನಾರ್ಮಲ್ಲು” ಅಂದೆ, ಅವಳು ನನಗೆ ಹೇಳುತ್ತಿದ್ದ ಹಾಗೆಯೇ. ಡಾಕ್ಟರ ಹತ್ತಿರ ಹೋಗುವ ದಿನ ಬಂದಾಗ “ಅವರು ಊರಲ್ಲಿಲ್ಲವಂತೆ” ಅಂದೆ.

ಅದರ ಮುಂದಿನ ಮಂಗಳವಾರ ಲ್ಯಾಬಮ್ಮ ಬಂದಳು. ನಾನು ಬೆಳಿಗ್ಗೆಯೇ ಎದ್ದು, ಮರಗಟ್ಟಿದ ಬೆರಳಲ್ಲೇ ಕೇಸರಿಭಾತು ಮಾಡಿಟ್ಟಿದ್ದೆ. ರಕ್ತ ತೆಗೆದಾಯಿತು. ತಟ್ಟೆ ಅವಳ ಕೈಗೆ ಕೊಟ್ಟೆ.

“ಏನಮ್ಮ ಇವತ್ತು ವಿಶೇಷ?”

“ನಾನು ಪಾಸಾಗಿದೀನಿ. ನೋಡು” ಅಂತ ಫೋನು ಅವಳ ಮುಖಕ್ಕೆ ಹಿಡಿದೆ.

“ನಾನು ನೋಡಂಗಿಲ್ಲ, ಇಟ್ಕೊಳ್ಳಿ.”

“ಹೇಳ್ಬೇಡ, ಸುಮ್ನೆ ನೋಡು. ಎರಡೂ ಹೆಂಗೆ ಇಳಿದಿವೆ ನೋಡು! ಮಾತ್ರೆನೂ ಅರ್ಧ ಮಾಡ್ಬುಟ್ಟೆ.”

ಚಮಚ ಬಾಯಿಯ ಹತ್ತಿರ ಹೋಗಿದ್ದದ್ದು ಅಲ್ಲೇ ನಿಂತಿತು. ತಟ್ಟೆಯನ್ನು ನೆಲದ ಮೇಲಿಟ್ಟಳು. ಫೋನು ತೆಗೆದುಕೊಂಡು ಮೇಲೆ ಕೆಳಗೆ ಸರಿಸಿದಳು. ಆಮೇಲೆ ನನ್ನ ಕಾಲ ಬುಡದಲ್ಲಿ ಕೂತು, ಸೀರೆ ಅಂಚು ಸರಿಸಿ, ಗೆಣ್ಣಿನ ಮೇಲೆ ಹೆಬ್ಬೆಟ್ಟು ಒತ್ತಿ ತೆಗೆದಳು. ಗುಳಿ ಬಿತ್ತು. ಹಾಗೇ ಇತ್ತು, ಮೇಲೇಳಲಿಲ್ಲ.

“ಇದು ಯಾವಾಗಿಂದ?”

“ಓಡಾಡಿದ್ದು ಜಾಸ್ತಿ ಆಯ್ತೇನೋ.”

“ಈ ಹಾಲಲ್ಲೇ ಕೂತಿರ್ತೀರ, ಎಲ್ಲಿ ಓಡಾಡ್ತೀರ ನೀವು? ಬಾತ್‌ರೂಮಿಗೆ ಹೋದಾಗ ನೊರೆ ಬರುತ್ತಾ?”

“ಇಂಥದ್ದೆಲ್ಲ ಕೇಳ್ತೀಯಲ್ಲೇ, ನಾಚಿಕೆ ಇಲ್ದೋಳೇ.”

“ಬರುತ್ತಾ ಇಲ್ವಾ?”

ಬರುತ್ತಿತ್ತು. ಸೋಪಿನ ನೀರಿನ ಹಾಗೆ.

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಯಾರು ಇರುತ್ತಾರೆ? ಆದರೂ ಗೋಡೆಗೆ ಕೇಳಬಾರದು ಅನ್ನುವಷ್ಟು ಮೆಲ್ಲಗೆ ಹೇಳಿದಳು.

“ನಾನು ಹೇಳ್ಬಾರದು ಅಮ್ಮ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಆದ್ರೆ ಕೇಳಿ. ನೀವು ಇಲವಾಲದೋರಲ್ವಾ, ಸೌದೆ ಒಲೆ ಉರ್ಸಿರೋರು. ಕೊಟ್ಟಿಗೇಲಿ ಸೌದೆ ಖಾಲಿಯಾಗ್ತಾ ಇದೆ ಅಂದ್ರೆ ಏನರ್ಥ?”

“ಒಲೆ ಉರೀತಿದೆ ಅಂತ.”

“ಈ ಸಿ ತ್ರೀ, ಸಿ ಫೋರು ಆ ಸೌದೆ. ಒಳಗೆ ಬೆಂಕಿ ಇಲ್ದಿದ್ರೆ ಅದು ಇಳಿಯಲ್ಲ. ಇದು ಇಳೀಬಾರದ ನಂಬರು ಕಣಮ್ಮ. ಏರಿದೆಯಲ್ಲ ಆ ಡಿಎಸ್‌ಡಿಎನ್‌ಎ, ಅದು ಬೆಂಕಿ ಹಾಕೋದು. ಒಂದು ಏರಿ, ಇವೆರಡು ಇಳಿದು, ಕಾಲು ಊದಿ, ನೊರೆ ಬಂದ್ರೆ, ಅದು ಕಿಡ್ನಿಗೆ ಹೋಗಿರಬೋದು. ನಾನು ಡಾಕ್ಟ್ರಲ್ಲ. ಆದ್ರೆ ಹದಿನೆಂಟು ವರ್ಷ ಇದನ್ನೇ ನೋಡಿದೀನಿ. ಏಳಿ, ಹೋಗಣ.”

“ನಾಳೆ ಮಗಳ ಜೊತೆ ಹೋಗ್ತೀನಿ.”

“ಮಗಳಿಗೆ ಹೇಳಿದೀರಾ?”

ಸೀರೆ ಅಂಚು ಕೆಳಗೆ ಎಳೆದುಕೊಂಡೆ.

“ಹಂಗಾದ್ರೆ ನಾಳೆನೂ ಹೋಗಲ್ಲ ನೀವು. ನನಗ್ಗೊತ್ತು ನಿಮ್ಮ ಖರ್ಜೂರ.”

ಹೊರಗೆ ಹತ್ತು ಗಂಟೆಯ ಬಿಸಿಲು. ಅವಳು ತನ್ನ ಬಿಳಿ ಕೋಟು ಬಿಚ್ಚಿ ನನ್ನ ತಲೆಯ ಮೇಲೆ ಹೊದಿಸಿ, ಮುಖದ ಮುಂದೆ ಎಳೆದು, ಕೈ ಹಿಡಿದು ಸ್ಕೂಟರಿನ ಹಿಂದೆ ಕೂರಿಸಿದಳು. ಕಳ್ಳಿಯನ್ನು ಮುಖ ಮುಚ್ಚಿ ಸ್ಟೇಷನ್ನಿಗೆ ಕರೆದೊಯ್ಯುವ ಹಾಗಿತ್ತು. ಮಹಡಿಯ ಯೋಗದವರಲ್ಲಿ ಒಬ್ಬ ಮೇಲಿಂದ ಕೈ ಮುಗಿದು “ನಮಸ್ತೆ” ಅಂದ. ಕೋಟಿನೊಳಗಿಂದಲೇ ನಾನೂ ಕೈ ಮುಗಿದೆ. ದಾರಿಯಲ್ಲಿ ಅವಳ ಲ್ಯಾಬಿನಿಂದ ಫೋನು ಬರುತ್ತಲೇ ಇತ್ತು, ಟ್ಯೂಬುಗಳು ಇನ್ನೂ ಯಾಕೆ ಬಂದಿಲ್ಲ ಅಂತ. “ಗಾಡಿ ಪಂಚರ್ ಆಗಿದೆ ಸಾರ್” ಅಂದಳು. ರಕ್ತ ಸುಳ್ಳು ಹೇಳಲ್ಲ ಅನ್ನುತ್ತಿದ್ದವಳ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು. ನನ್ನನ್ನು ಡಾಕ್ಟರ ಕೋಣೆಯ ಬಾಗಿಲಿಗೆ ಬಿಟ್ಟು, ನನ್ನ ಫೋನಿನಿಂದ ಮಗಳಿಗೆ ಹೇಳಿ, ಡಬ್ಬಿ ಎತ್ತಿಕೊಂಡು ಓಡಿದಳು. ಆವತ್ತು ಅವಳು ಏನಾದರೂ ತಿಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಸರಿಭಾತು ನಮ್ಮ ಮನೆಯ ನೆಲದ ಮೇಲೆಯೇ ಇತ್ತು.

ಅದೇ ದಿನ ಆಸ್ಪತ್ರೆಗೆ ಸೇರಿಸಿದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು. ಬಾಟಲಿ ಬಾಟಲಿ ಔಷಧಿ ಏರಿಸಿದರು. ಇನ್ನೆರಡು ತಿಂಗಳು ತಡವಾಗಿದ್ದರೆ ಡಯಾಲಿಸಿಸ್ ಮಾತು ಆಡಬೇಕಾಗುತ್ತಿತ್ತು ಅಂತ ಡಾಕ್ಟರು ಮಗಳಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಚದ ಪಕ್ಕ ಕೂತು, “ನಂಗೆ ಒಂದು ಮಾತು ಹೇಳಬಾರದಾಗಿತ್ತೇನಮ್ಮ?” ಅಂದಳು, ಅಷ್ಟೇ.

ಮನೆಗೆ ಬಂದ ಮೇಲೆ ಎರಡನೆಯ ತಪ್ಪು ಮಾಡಿದೆ. ಆಸ್ಪತ್ರೆಯಲ್ಲಿ ಹೊತ್ತು ಹೋಗಲೆಂದು ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿಸಿದ್ದಳು. ಒತ್ತಕ್ಷರ ಕೊಡುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಕಲಿತ ಮೇಲೆ ಮೊದಲು ಏನು ಬರೆಯಬೇಕು? ನನ್ನ ಕಿಡ್ನಿ ಉಳಿಸಿದವಳ ಬಗ್ಗೆಯೇ ಬರೆಯಬೇಕು. ಲ್ಯಾಬಿನ ಹೆಸರು ಹುಡುಕಿದರೆ ಕೆಳಗೆ ಗಿರಾಕಿಗಳು ಅಭಿಪ್ರಾಯ ಬರೆಯುವ ಜಾಗ ಬರುತ್ತದಲ್ಲ, ಅಲ್ಲಿ ಐದು ನಕ್ಷತ್ರ ಒತ್ತಿ, ಎರಡು ದಿನ ಕೂತು ಬರೆದೆ. ಅವಳ ಪೂರ್ತಿ ಹೆಸರು ಹಾಕಿದೆ. ‘ನಿಮ್ಮ ಈ ಹುಡುಗಿ ನನ್ನ ಪಾಲಿನ ಡಾಕ್ಟರು. ರಿಪೋರ್ಟು ನೋಡಿ ಯಾವ ನಂಬರು ಏರಬಾರದು, ಯಾವುದು ಇಳಿಯಬಾರದು ಅಂತ ನನಗೆ ಬಿಡಿಸಿ ಹೇಳಿದಳು. ಕಾಲು ಒತ್ತಿ ನೋಡಿ ಕಾಯಿಲೆ ಕಂಡುಹಿಡಿದಳು. ಅವಳು ಚುಚ್ಚಿದರೆ ನೋವಿಲ್ಲ, ಹೇಳಿದರೆ ಭಯವಿಲ್ಲ. ಅವಳಿಗೆ ಎಷ್ಟು ದೊಡ್ಡ ಕೆಲಸ ಕೊಟ್ಟರೂ ಸಾಲದು.’ ಮೊಮ್ಮಗಳು ಓದಿ “ಸೂಪರ್ ಅಜ್ಜಿ” ಅಂದಳು. ನಾನೇ ಗುಂಡಿ ಒತ್ತಿದೆ.

ಮುಂದಿನ ಮಂಗಳವಾರ ಬಂದವಳು ಬೇರೆ ಹೆಂಗಸು. “ಮುಷ್ಟಿ ಬಿಗಿ ಮಾಡಿ” ಅಂದಳು. ಆಗಲ್ಲ ಅಂದೆ. ಮೂರು ಕಡೆ ಚುಚ್ಚಿದಳು.

“ಲ್ಯಾಬಮ್ಮ ಎಲ್ಲಿ? ರಜವಾ?”

“ಅವರನ್ನ ತೆಗೆದ್ಬುಟ್ರು ಕಣಜ್ಜಿ. ರಿಪೋರ್ಟ್ ನೋಡಿ ಕಾಯಿಲೆ ಹೇಳ್ತಾರೆ ಅಂತ ನೆಟ್ಟಲ್ಲಿ ಯಾರೋ ಬರೆದುಬುಟ್ಟಿದಾರೆ. ಸಾರ್‌ಗೆ ಡಾಕ್ಟ್ರುಗಳಿಂದ ಫೋನ್ ಬಂತಂತೆ.”

“ಯಾರಂತೆ ಬರೆದೋರು?”

“ಯಾರೋ ಆಗದೇ ಇರೋರು ಇರಬೇಕು.”

ಹತ್ತಿಯನ್ನು ಒತ್ತಿ ಹಿಡಿದುಕೊಂಡು ಕೂತೆ. ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಅವಳು ಹೊರಟ ಮೇಲೆ ಲ್ಯಾಬಿನ ಯಜಮಾನರಿಗೆ ಫೋನು ಮಾಡಿ, ಬರೆದದ್ದು ನಾನೇ ಅಂತ ಅಳುತ್ತಾ ಬೇಡಿಕೊಂಡೆ. ಅವರು ಕೆಟ್ಟವರಲ್ಲ. “ಅಮ್ಮಾ, ನಿಮ್ಮ ವಿಷಯದಲ್ಲಿ ಸರಿಯಾಯ್ತು. ಇನ್ನೊಬ್ಬರ ವಿಷಯದಲ್ಲಿ ತಪ್ಪಾಗಿದ್ರೆ ಯಾರು ಜವಾಬ್ದಾರಿ? ನೀವು ನನಗೊಬ್ಬನಿಗೇ ಹೇಳಿದ್ರೆ ನಾನು ಕೇಳಿಸ್ಕೊಂಡಿಲ್ಲ ಅಂತ ಇರಬೋದಿತ್ತು. ಊರಿಗೇ ಬರೆದ್ರಲ್ಲ” ಅಂದರು.

ಲ್ಯಾಬಮ್ಮನಿಗೆ ಫೋನು ಮಾಡಿದೆ. ಎತ್ತಲಿಲ್ಲ. ದಿನಕ್ಕೆ ಎರಡು ಸಲ, ಮೂರು ಸಲ. ಎತ್ತಲಿಲ್ಲ.

ಅದಾಗಿ ಈಗ ಎಂಟು ತಿಂಗಳು. ನಾನು ಈಗ ಮಾತ್ರೆ ಸರಿಯಾಗಿ ನುಂಗುತ್ತೇನೆ. ಕಾಲಿನ ಊತ ಇಳಿದಿದೆ. ಹೋದ ತಿಂಗಳು ಸಿ ತ್ರೀ ತೊಂಬತ್ತು ದಾಟಿತು. ದಾಟಬೇಕಾದ ಗೆರೆ ಅದೇ. ಡಿಎಸ್‌ಡಿಎನ್‌ಎ ಇಳಿಯುತ್ತಿದೆ. ಇಳಿಯಬೇಕಾದದ್ದು ಇಳಿದು ಏರಬೇಕಾದದ್ದು ಏರಿದ ದಿನ ಬೆಳಿಗ್ಗೆ ಹತ್ತು ಗಂಟೆ. ಪರದೆ ಎಳೆದ ಹಾಲಿನಲ್ಲಿ ಫೋನು ಹಿಡಿದುಕೊಂಡು ನಾನೊಬ್ಬಳೇ ಇದ್ದೆ. ಸಂಜೆ ಮಗಳಿಗೆ ಹೇಳಿದೆ. “ಒಳ್ಳೇದಾಯ್ತಮ್ಮ” ಅಂದಳು, ಕುಕ್ಕರ್ ಕೂಗುತ್ತಿತ್ತು, ಒಳಗೆ ಹೋದಳು. ಅವಳ ತಪ್ಪಲ್ಲ. ಆ ನಂಬರು ಅಷ್ಟು ಕೆಳಗಿನಿಂದ ಎಷ್ಟು ಮೆಟ್ಟಿಲು ಹತ್ತಿ ಬಂದಿದೆ ಅಂತ ನೋಡಿದ ತಕ್ಷಣ ತಿಳಿಯುವವಳು ಒಬ್ಬಳೇ ಇದ್ದಳು. ಅವಳಿಗೆ ತೋರಿಸುವ ಹಾಗಿಲ್ಲ. ಮಂಗಳವಾರ ಈಗಲೂ ಖಾಲಿ ಹೊಟ್ಟೆಯಲ್ಲಿ ಕೂತಿರುತ್ತೇನೆ. ಬರುವವರು ತಿಂಗಳಿಗೊಬ್ಬರು. ಹೆಸರು ಕೇಳುವುದಿಲ್ಲ, ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಐದು ನಿಮಿಷಕ್ಕೆ ಹೊರಟುಹೋಗುತ್ತಾರೆ. ಆಮೇಲೆ ಒಬ್ಬಳೇ ತಿಂಡಿ ತಿನ್ನುತ್ತೇನೆ. ಕೆಲವು ದಿನ ಉಪ್ಪಿನಕಾಯಿ ಬೇಕೆನಿಸಿದರೂ ಬಿಟ್ಟುಬಿಡುತ್ತೇನೆ. ಮುಚ್ಚಳ ಬಿಗಿಯಾಗಿರುತ್ತದೆ.

ಒಂದು ಸಲ ಮಾತ್ರ ಅವಳನ್ನು ನೋಡಿದೆ. ಕೆಲಸ ಹೋದ ಎರಡು ತಿಂಗಳ ಮೇಲೆ ಅದು. ಬಿಸಿಲು ಇಳಿದ ಮೇಲೆ ಆಟೋ ಮಾಡಿಕೊಂಡು ಅಶೋಕಪುರಂಗೆ ಹೋದೆ, ಮನೆಯಲ್ಲಿ ಯಾರಿಗೂ ಹೇಳದೆ. ಅವಳು ಮಾತಿನ ನಡುವೆ ಹೇಳಿದ್ದ ಪಾರ್ಕು, ಅದರ ಹಿಂದಿನ ಬೀದಿ, ನೀಲಿ ಗೇಟು, ಅಷ್ಟೇ ಗುರುತು. ಕೇಳಿಕೊಂಡು ಕೇಳಿಕೊಂಡು ಹೋದೆ. ಎರಡು ಬೀದಿ ನಡೆದದ್ದಕ್ಕೆ ಮಂಡಿ ಹಿಡಿದುಕೊಂಡಿತ್ತು. ಬಾಗಿಲಲ್ಲಿ ಅವಳ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗೋಕುಲಂ ಅಮ್ಮನಾ?” ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ವಿಷಯ ಈ ಮನೆಗೆ ಯಾವ ರೀತಿ ಬಂದಿರಬಹುದು ಅಂತ ಯೋಚಿಸುತ್ತಾ ನಿಂತೆ.

ಲ್ಯಾಬಮ್ಮ ಒಳಗಿಂದ ಬಂದಳು. ಮನೆಯುಡುಪಿನಲ್ಲಿ ಅವಳನ್ನು ನೋಡಿದ್ದು ಅದೇ ಮೊದಲು. ಕುರ್ಚಿ ಎಳೆದು ಹಾಕಿದಳು. ನನ್ನ ಕಾಲ ಬುಡದಲ್ಲಿ ಕೂತು, ಸೀರೆ ಅಂಚು ಸರಿಸಿ, ಗೆಣ್ಣಿನ ಮೇಲೆ ಹೆಬ್ಬೆಟ್ಟು ಒತ್ತಿ ತೆಗೆದಳು. ಚರ್ಮ ಮೇಲೆದ್ದಿತು. ಆಮೇಲೆ ಅವಳ ಮುಖವೂ ಸ್ವಲ್ಪ ಸಡಿಲವಾಯಿತು.

“ಒಬ್ಬರೇ ಬಂದ್ರಾ? ಮನೇಲಿ ಹೇಳಿದೀರಾ?”

“ಇಲ್ಲ.”

“ಬುದ್ಧಿ ಬರಲ್ಲ ನಿಮಗೆ.”

“ಫೋನ್ ಯಾಕೆ ಎತ್ತಲಿಲ್ಲ? ಕೋಪ ತಾನೇ?”

“ಹೂಂ, ಕೋಪನೇ. ಮೊದಲ ತಿಂಗಳು ನಿಮ್ಮ ಹೆಸರು ಕೇಳಿದ್ರೆ ಮೈ ಉರೀತಿತ್ತು” ಅಂದಳು. ಮುಚ್ಚಿಡಲಿಲ್ಲ. ಇಲವಾಲದ ಕಡೆ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ, ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಯೇ ಬರುವುದು, ಮನೆಮನೆಗೆ ಹೋಗುವ ಕೆಲಸ ಇಲ್ಲ, ಕೂತಲ್ಲೇ ತೆಗೆಯುವುದು ಅಂದಳು. ಇನ್ನು ನಮ್ಮ ಬೀದಿಗೆ ಬರುವುದಿಲ್ಲ ಅನ್ನುವುದನ್ನು ಹೀಗೆ ಹೇಳಿದಳು ಅಂತ ನನಗೆ ತಿಳಿಯಿತು.

ಬರುತ್ತಾ ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಕಟ್ಟಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. “ನಾನು ಹೊಗಳ್ತಾ ಇದೀನಿ ಅಂದ್ಕೊಂಡೆ ಕಣೇ. ನಿನ್ನ ಅನ್ನ ಕಿತ್ಕೊಂಡೆ. ಇದನ್ನ ಅಳಿಸಿಬುಡ್ತೀನಿ, ನಿನ್ನ ಎದುರಿಗೇ ಅಳಿಸ್ತೀನಿ, ಅದಕ್ಕೇ ಬಂದೆ” ಅಂತ ಫೋನು ತೆಗೆದೆ. ನಾನು ಬರೆದದ್ದು ಬಂತು. ಅಳಿಸುವ ಗುಂಡಿ ಎಲ್ಲಿದೆ ಅಂತ ಮೊಮ್ಮಗಳ ಹತ್ತಿರ ಮೊದಲೇ ಕಲಿತುಕೊಂಡಿದ್ದೆ. ಬೆರಳು ಎತ್ತಿದೆ.

ಲ್ಯಾಬಮ್ಮ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಅದನ್ನ ಮುಟ್ಟಿದ್ರೆ ನೋಡಿ! ಹದಿನೆಂಟು ವರ್ಷ ಈ ಊರಿನೋರ ಕೈಗೆಲ್ಲ ಚುಚ್ಚಿದೀನಿ, ಎಲ್ಲರೂ ಅಯ್ಯೋ ಅಂದೋರೇ. ನಮ್ಮವ್ವಂಗೆ ಅದನ್ನ ಎಷ್ಟು ಸಲ ಓದಿ ಹೇಳಿದೀನೋ ಲೆಕ್ಕ ಇಲ್ಲ. ಕೆಲಸ ಹೋಯ್ತು, ಇನ್ನೊಂದು ಸಿಕ್ತು. ಅಂಥದ್ದನ್ನ ನನ್ನ ಹೆಸರು ಹಾಕಿ ಇನ್ಯಾರಮ್ಮ ಬರೀತಾರೆ?”